ಕೈ ಎತ್ತಿ ಅನ್ನುವ ಕೆಲಸ

ನಿಮ್ಮ ಮಗಳಿಗೆ ಏನು ಕೆಲಸ ಎಂದು ಬಂಧುಗಳು ಕೇಳಿದಾಗಲೆಲ್ಲ ಅಮ್ಮ ಕೊಡುತ್ತಿದ್ದ ಉತ್ತರ ಒಂದೇ. "ಆಸ್ಪತ್ರೇಲಿ ಹೆಂಗಸರಿಗೆ ಕೈ ಎತ್ತಿ ಅಂತ ಹೇಳ್ತಾಳೆ." ಅದಕ್ಕೂ ಸಂಬಳ ಕೊಡುತ್ತಾರಾ ಎಂದು ಯಾರಾದರೂ ನಕ್ಕರೆ, "ಕೊಡ್ತಾರಂತೆ" ಎಂದು ಅಮ್ಮನೂ ಅವರ ಜೊತೆ ಆಶ್ಚರ್ಯಪಡುತ್ತಿದ್ದಳು. ಈಗ ನಿವೃತ್ತಿಯಾಗಿ ಮನೆಯಲ್ಲಿ ಕೂತು ನೋಡಿದರೆ ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಸೇಲಂನ ಒಂದು ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ಕಾಲು ಮುರಿದವರು, ಸ್ಟ್ರೋಕ್ ಆದವರು, ಬೆನ್ನು ಹಿಡಿದವರು ಎಲ್ಲರೂ ಬರುತ್ತಿದ್ದರು. ಆದರೆ ಹೆಚ್ಚಿನ ವರ್ಷ ನಾನು ಕಳೆದದ್ದು ಸ್ತನ ಕ್ಯಾನ್ಸರ್‌ಗೆ ಆಪರೇಶನ್ ಮಾಡಿಸಿಕೊಂಡ ಹೆಂಗಸರ ಜೊತೆ. ಈ ಕೆಲಸಕ್ಕೆ ಈಗ ಬರುತ್ತಿರುವ ಹುಡುಗಿಯರಿಗೆ ಯಾವ ಸ್ನಾಯು ಎಲ್ಲಿದೆ ಎನ್ನುವುದು ನನಗಿಂತ ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಸಿಗದ ಕೆಲವನ್ನು ಬರೆದಿಡೋಣ ಅನ್ನಿಸಿತು. ಕೆಲಸವೆಲ್ಲ ತಮಿಳಿನಲ್ಲಿ ಮಾಡಿದವಳು ನಾನು. ಕನ್ನಡ ಅಕ್ಷರ ಕಲಿಸಿದ್ದು ಶಾಲೆಯಲ್ಲ, ಅಜ್ಜಿ. ತಪ್ಪು ಕಂಡರೆ ಅಜ್ಜಿಯ ಮೇಲೆ ಹಾಕಿಬಿಡಿ.

ನಾನು ಸೇರಿದ ಕಾಲದಲ್ಲಿ ಈ ಆಪರೇಶನ್ ಆದವರಿಗೆ ಎಲ್ಲರೂ ಹೇಳುತ್ತಿದ್ದುದು ರೆಸ್ಟ್. ಬಿಂದಿಗೆ ಎತ್ತಬೇಡಿ, ಮಗು ಎತ್ತಬೇಡಿ, ಬಟ್ಟೆ ಹಿಂಡಬೇಡಿ. ಆಕೆ ಆ ಕೈಯನ್ನು ಎದೆಗೆ ಒತ್ತಿಕೊಂಡು ಮನೆಗೆ ಹೋಗುವಳು. ಕೆಲವು ತಿಂಗಳ ಮೇಲೆ ನನ್ನ ಹತ್ತಿರ ಬರುವಷ್ಟರಲ್ಲಿ ಭುಜ ಕಲ್ಲಿನ ಹಾಗೆ ಬಿಗಿದಿರುತ್ತಿತ್ತು. ರವಿಕೆಯ ತೋಳಿಗೆ ಕೈ ತೂರಿಸಲೂ ಮಗಳೋ ಸೊಸೆಯೋ ಬೇಕು. ಕಂಕುಳಲ್ಲಿ ಬಿಗಿಯಾದ ದಾರ ಎಳೆದು ಕಟ್ಟಿದ ಹಾಗೆ ಒಂದು ಎಳೆ ಏಳುತ್ತಿತ್ತು. ಕೈ ಎತ್ತಿದರೆ ನರ ಕಿತ್ತುಹೋಗುತ್ತದೆ ಎಂದು ಅವರಿಗೆ ಭಯ. ಭಯಕ್ಕೆ ಎತ್ತರು, ಎತ್ತದಿದ್ದರೆ ಇನ್ನೂ ಬಿಗಿಯುವುದು.

ಬೇಗ ಶುರು ಮಾಡೋಣ ಎಂದು ನಮ್ಮ ಮುಖ್ಯ ಸರ್ಜನ್ ಹತ್ತಿರ ಹೋದೆ. ಅವರನ್ನು ಎಲ್ಲರೂ ಪೆರಿಯ ಡಾಕ್ಟರ್, ಅಂದರೆ ದೊಡ್ಡ ಡಾಕ್ಟರ್, ಎನ್ನುತ್ತಿದ್ದೆವು. ಒಳ್ಳೆಯ ಕೈ, ಮೆಲುಮಾತು, ವಿಪರೀತ ಜಾಗ್ರತೆ. "ಏಮ್ಮಾ, ನಾನ್ ಪೋಟ್ಟ ತೈಯಲ್ ಪಿರಿಂಜಾ ನೀ ತೈಪ್ಪಿಯಾ?" ಎಂದರು. ನಾನು ಹಾಕಿದ ಹೊಲಿಗೆ ಬಿಚ್ಚಿಕೊಂಡರೆ ನೀನು ಬಂದು ಹೊಲಿಯುತ್ತೀಯಾ ಎಂದು. ನಾನು ವಾಪಸ್ ಬಂದೆ. ಹಲವು ಸಲ ಹೀಗೆ ಹೋಗಿ ಬಂದೆ. ಅವರು ಒಮ್ಮೆಯೂ ಗದರಲಿಲ್ಲ, ಒಮ್ಮೆಯೂ ಒಪ್ಪಲೂ ಇಲ್ಲ. ಆಮೇಲೆ ಎಲ್ಲೋ ಒಂದು ಸಮ್ಮೇಳನಕ್ಕೆ ಹೋಗಿ ಬಂದವರು ಒಂದು ಬೆಳಿಗ್ಗೆ ತಾವೇ ನನ್ನ ಕೋಣೆಗೆ ಬಂದು ಬಾಗಿಲಲ್ಲಿ ನಿಂತರು. ಆಪರೇಶನ್ ಆದ ಮಾರನೆಯ ದಿನವೇ ಬಾ, ಆದರೆ ಗಾಯದ ನೀರು ಇಳಿಯಲು ಹಾಕಿದ ಟ್ಯೂಬ್ ತೆಗೆಯುವ ತನಕ ಕೈ ಭುಜದ ಎತ್ತರ ದಾಟಬಾರದು ಎಂದರು. ನಾನು ಹೂಂ ಅಂದೆ. ಎಷ್ಟು ಸಲ ಕೇಳಿದ್ದೆ ಎಂದು ನೆನಪಿಸಲು ಹೋಗಲಿಲ್ಲ. ಮೇಲಿನವರು ಒಪ್ಪಿದ ದಿನ ಹಳೆಯದನ್ನು ಎತ್ತಬೇಡಿ, ಕೆಲಸ ಶುರು ಮಾಡಿಬಿಡಿ.

ಕೈ ಆಡತೊಡಗಿತು. ಅವರನ್ನು ನಡಿಗೆಗೆ ಹೊರಡಿಸುವುದು ಅದಕ್ಕಿಂತ ಕಷ್ಟವಾಯಿತು. ಚಿಕಿತ್ಸೆ ಮುಗಿದ ಮೇಲೂ ಈ ಹೆಂಗಸರಿಗೆ ಸುಸ್ತು ಬಿಡುವುದಿಲ್ಲ. ಸುಸ್ತು ಎಂದರೆ ಮಲಗಬೇಕು ಎಂದು ಎಲ್ಲರಿಗೂ ಗೊತ್ತು. ಈ ಸುಸ್ತು ಮಲಗಿದಷ್ಟೂ ಹೆಚ್ಚುತ್ತದೆ, ದಿನಾ ಸ್ವಲ್ಪ ಸ್ವಲ್ಪ ನಡೆದರೆ ಇಳಿಯುತ್ತದೆ ಎಂದರೆ ಯಾರು ನಂಬುತ್ತಾರೆ?

ಸೇಲಂನಲ್ಲೇ ಕನ್ನಡ ಮನೆಮಾತಿನವರೊಬ್ಬರು, ಸರಸ್ವತಿ ಟೀಚರ್, ನನ್ನ ಹತ್ತಿರ ಬರುತ್ತಿದ್ದರು. ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ನಡೆಯಿರಿ ಎಂದರೆ ತಲೆಯಾಡಿಸುವರು, ಮುಂದಿನ ಸಲ ಬಂದಾಗ ನಡೆದಿಲ್ಲ. ಮಂಡಿ ನೋವಾ? ಇಲ್ಲ. ಬಿಸಿಲಾ? ಇಲ್ಲ. ಕೊನೆಗೆ ಒಂದು ದಿನ ಬಾಗಿಲು ಹಾಕಿ ಕೇಳಿದೆ. ಅವರು ಸೆರಗು ಸರಿಸಿ ರವಿಕೆ ತೋರಿಸಿದರು. ಒಂದು ಕಡೆ ಹಳೆಯ ಬಟ್ಟೆ ಸುತ್ತಿ ಪಿನ್ ಹಾಕಿಕೊಂಡಿದ್ದರು.

"ಹತ್ತು ಹೆಜ್ಜೆ ನಡೆದ್ರೆ ಇದು ಮೇಲಕ್ಕೆ ಬರತ್ತೆ ಪದ್ಮಾ. ಬೀದೀಲಿ ನಿಂತು ಸರಿಮಾಡ್ಕೊಳ್ಳಕ್ಕಾಗತ್ತಾ? ನನ್ನ ಹತ್ತಿರ ಓದಿದ ಹುಡುಗರು ಎದುರಿಗೆ ಬರ್ತಾರೆ" ಎಂದರು.

ಊರೊಳಗಿನ ಶೆವ್ವಾಯ್‌ಪೇಟೆಯಲ್ಲಿ ನನಗೆ ಗೊತ್ತಿದ್ದ ಒಬ್ಬ ಹೆಂಗಸು ರವಿಕೆ ಹೊಲಿಯುತ್ತಿದ್ದಳು. ಟೀಚರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ರವಿಕೆಯ ಒಳಗೆ ಒಂದು ಜೇಬು ಇಟ್ಟು, ಅದರೊಳಗೆ ಹತ್ತಿಯ ಮೆತ್ತೆ ಕೂರುವ ಹಾಗೆ ಹೊಲಿದುಕೊಟ್ಟಳು. ಮರುವಾರದಿಂದ ಟೀಚರ್ ನಡೆಯಲು ಹೊರಟರು. ಅಲ್ಲಿಂದ ಮುಂದೆ ನಾನು ಯಾರಿಗೂ ನಡೆಯಿರಿ ಎಂದು ಹೇಳುವ ಮೊದಲು ರವಿಕೆಯ ವಿಷಯ ಕೇಳುತ್ತಿದ್ದೆ.

ಪೆನ್ನಾಗರಂ ಕಡೆಯಿಂದ ಮಾದಮ್ಮ ಬಂದದ್ದು ಇದಾದ ಕೆಲವು ವರ್ಷದ ಮೇಲೆ. ಹೊಗೆನಕಲ್‌ನಲ್ಲಿ ಮೀನು ಹುರಿಯುವ ಅಂಗಡಿ ಆಕೆಯದು. ಗಂಡ ಚಿನ್ನಪ್ಪ ಅಲ್ಲೇ ಕಾವೇರಿಯಲ್ಲಿ ತೆಪ್ಪ ಓಡಿಸುವವನು. ಆಕೆಗೆ ಬೇರೊಂದು ಆಸ್ಪತ್ರೆಯಲ್ಲಿ ಎಡಗಡೆ ಆಪರೇಶನ್ ಆಗಿ, ಇಂಜೆಕ್ಷನ್, ಕರೆಂಟು ಎಂದು ಅವರು ಕರೆಯುವ ಕೀಮೋ, ರೇಡಿಯೇಶನ್ ಎಲ್ಲ ಮುಗಿದಿತ್ತು. ಕೂದಲು ಮತ್ತೆ ಬೆಳೆದು ಹೆಗಲಿಗೆ ಬಂದಿತ್ತು. ಅದನ್ನು ಯಾರೋ ಹಗ್ಗ ಹೊಸೆದ ಹಾಗೆ ಬಿಗಿಯಾಗಿ ಜಡೆ ಹಾಕಿದ್ದರು.

ನಾನು ಎಂದಿನಂತೆ ತಮಿಳಿನಲ್ಲಿ ಕೈ ಎತ್ತಿ ಎಂದೆ. ಮಾದಮ್ಮ ಗಂಡನ ಕಡೆ ತಿರುಗಿ ಕನ್ನಡದಲ್ಲಿ ಅಂದಳು:

"ಈಯಮ್ಮಂಗೆ ಬ್ಯಾರೆ ಕೆಲ್ಸ ಇಲ್ವಾ ಮಾವ? ಕುಯ್ದಿರೋ ಕೈನ ಎತ್ತು ಅಂತಾಳೆ. ಇವ್ಳ್ ಕೈ ಕುಯ್ದಿದ್ರೆ ಗೊತ್ತಾಗ್ತಿತ್ತು."

"ಕುಯ್ದಿರೋದು ಎದೇನ ಮಾದಮ್ಮ. ಕೈ ಚೆನ್ನಾಗೇ ಇದೆ" ಎಂದೆ, ನಾನೂ ಕನ್ನಡದಲ್ಲಿ.

ಚಿನ್ನಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಗು ತಡೆದ. ಮಾದಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ ಸಿವನೇ, ನಮ್ ಬಾಸೆಯೋರಾ ನೀವು? ಮುಂಚೇನೇ ಏಳ್ಬಾರ್ದಾ?"

ಆಕೆ ಗಂಡನನ್ನು ಮಾವ ಎಂದೇ ಕರೆಯುತ್ತಿದ್ದಳು, ಸೋದರತ್ತೆಯ ಮಗ. ಆ ಜಡೆ ಹಾಕಿದವನೂ ಅವನೇ. "ಒಂದ್ ಸೊಂಬು ನೀರ್ ಎತ್ತಕ್ಕೂ ಬುಡಲ್ಲ ಡಾಕ್ಟ್ರಮ್ಮ. ಅನ್ನ ಬೇಸೋದು, ಪಾತ್ರೆ ಉಜ್ಜೋದು, ಎಲ್ಲಾ ನಾನೇ. ತಲೇನೂ ನಾನೇ ಬಾಚ್ತೀನಿ" ಎಂದ. ಹೊಗಳುತ್ತಾರೆ ಎಂದು ನಂಬಿ ಹೇಳಿದ ಮಾತು. ಹೊಗಳದೆ ಇರಲು ನನಗೂ ಮನಸ್ಸು ಬರಲಿಲ್ಲ. ಹೆಂಡತಿಗೆ ಈ ಕಾಯಿಲೆ ಬಂತೆಂದು ತಿರುಗಿಯೂ ನೋಡದ ಗಂಡಂದಿರನ್ನು ನಾನು ಬೇಕಾದಷ್ಟು ಕಂಡಿದ್ದೆ. ಆದರೆ ಮಾದಮ್ಮನ ಕೈ ಕಿವಿಯ ತನಕವೂ ಹೋಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ನಡೆದು ಬಂದದ್ದಕ್ಕೇ ಏದುಸಿರು. ನದಿಯ ಸದ್ದಿನ ಮೇಲೆ ಗಿರಾಕಿ ಕೂಗುತ್ತಿದ್ದ ಹೆಂಗಸು ಅವಳು ಎಂದು ಚಿನ್ನಪ್ಪ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಅಂಗಡಿಯನ್ನು ಓರಗಿತ್ತಿ ನೋಡಿಕೊಳ್ಳುತ್ತಿದ್ದಳು. ಮಾದಮ್ಮ ಜಗಲಿಯ ಮೇಲೆ ಕೂತಿರುತ್ತಿದ್ದಳು, ಅಷ್ಟೇ.

ನಮ್ಮಲ್ಲಿ ವ್ಯಾಯಾಮದ ಚಿತ್ರಗಳಿದ್ದ ಒಂದು ಹಾಳೆ ಕೊಡುತ್ತಿದ್ದರು. ಟ್ರ್ಯಾಕ್ ಸೂಟ್ ಹಾಕಿದ ತೆಳ್ಳಗಿನ ಹುಡುಗಿ ನಗುನಗುತ್ತ ಕೈ ಎತ್ತಿರುವ ಚಿತ್ರ. ಮಾದಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇವ್ಳಿಗೂ ಕ್ಯಾನ್ಸರ್ರಾ? ನೋಡಿದ್ರೆ ನೆಗಡೀನೂ ಬಂದಂಗಿಲ್ಲ." ಆ ಹಾಳೆಯನ್ನು ಅವಳಿಗೆ ಕೊಡಲಿಲ್ಲ. ಮನೆಯ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಹಲ್ಲಿಯ ಹಾಗೆ ಮೇಲಕ್ಕೆ ಹತ್ತಿಸಿ, ಎಲ್ಲಿ ನಿಲ್ಲುತ್ತದೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆಯಿರಿ, ನಾಳೆ ಗೆರೆ ಮುಟ್ಟಿದರೆ ಸಾಕು, ದಾಟಿದರೆ ಸಂತೋಷ ಎಂದೆ. ಅದು ಅವಳಿಗೆ ಹಿಡಿಸಿತು.

ನಡಿಗೆ ಹಿಡಿಸಲಿಲ್ಲ. "ಪಾರ್ಕಿದ್ರೆ ನೀವ್ ನಡೀರಿ ಅಂದ್ರೆ ನಡೀತಾರೆ. ನಮ್ಮೂರಲ್ಲಿ ಒಂದೊಂದ್ ಮನೆ ಮುಂದೇನೂ ಎಲ್ಲಿಗೆ ಅಂತ ಕೇಳ್ತಾರೆ. ಸುಮ್ನೆ ನಡೀತೀನಿ ಅಂದ್ರೆ ಪೈತ್ಯ, ತಲೆ ಕೆಟ್ಟೈತೆ ಅಂತಾರೆ" ಎಂದಳು. ಮುಂದಿನ ಸಲ ಬಂದಾಗ ಅವಳೇ ದಾರಿ ಕಂಡುಕೊಂಡಿದ್ದಳು. ಕೈಯಲ್ಲಿ ಒಂದು ಖಾಲಿ ಚೀಲ ಹಿಡಿದುಕೊಂಡು ಹೊರಟರೆ ಯಾರೂ ಏನೂ ಕೇಳುವುದಿಲ್ಲವಂತೆ. ಕೇಳಿದರೂ ಸೊಪ್ಪು ಕೀಳಕ್ಕೆ ಎಂದರಾಯಿತು. ಆಮೇಲೆ ಹಳ್ಳಿಯಿಂದ ಬಂದ ಎಷ್ಟೋ ಜನಕ್ಕೆ ಈ ಖಾಲಿ ಚೀಲದ ಉಪಾಯ ಹೇಳಿಕೊಟ್ಟಿದ್ದೇನೆ.

ಇದ್ದಿಲಿನ ಗೆರೆ ಮೇಲೇರುತ್ತ ಹೋಯಿತು. ಹೀಗೆ ಚೆನ್ನಾಗಿ ನಡೆಯುತ್ತಿದ್ದಾಗ ಒಂದು ದಿನ ಚಿನ್ನಪ್ಪ ಅವಳನ್ನು ಆಟೋದಲ್ಲಿ ಕರೆತಂದ. ಎಡಗೈ ಬೆರಳಿನಿಂದ ಹೆಗಲ ತನಕ ಊದಿ, ಕೆಂಪಾಗಿ, ಮುಟ್ಟಿದರೆ ಸುಡುತ್ತಿತ್ತು. ಜ್ವರದಲ್ಲಿ ನಡುಗುತ್ತಿದ್ದಳು. ಡ್ಯೂಟಿಯಲ್ಲಿದ್ದ ಚಿಕ್ಕ ಡಾಕ್ಟರ್ ಅವಸರದಲ್ಲಿ, "ಯಾರು ಎಕ್ಸರ್‌ಸೈಜ್ ಮಾಡೋಕೆ ಹೇಳಿದ್ದು?" ಎಂದು ಎಲ್ಲರ ಮುಂದೆ ಗದರಿದ. ಚಿನ್ನಪ್ಪ ನನ್ನ ಕಡೆ ನೋಡಿದ. ಬಯ್ಯಲಿಲ್ಲ, ನೋಡಿದ ಅಷ್ಟೇ. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ನಾನು ಅವಳ ಕೈಯನ್ನು ಬೆಳಕಿಗೆ ಹಿಡಿದು ಬೆರಳು ಬೆರಳೂ ಬಿಡಿಸಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಒಂದು ಕಪ್ಪು ಚುಕ್ಕೆ ಇತ್ತು.

"ಇದೇನು ಮಾದಮ್ಮ?"

ಅವಳು ಗಂಡನನ್ನು ನೋಡಿ ಕಣ್ಣು ತಗ್ಗಿಸಿದಳು. "ಜಿಲೇಬಿ ಮೀನಿನ್ ಮುಳ್ಳು. ಕೈ ಚೆನ್ನಾಗಿ ಆಡ್ತಿತ್ತಲ್ಲ, ನಾಲ್ಕ್ ಮೀನ್ ಉಜ್ಜವಾ ಅಂತ ಅಂಗ್ಡಿಗೋಗಿದ್ದೆ."

ಈ ಆಪರೇಶನ್‌ನಲ್ಲಿ ಕಂಕುಳಿನ ಗಂಟುಗಳನ್ನೂ ತೆಗೆದಿರುತ್ತಾರೆ, ಅಂಥ ಕೈಯಲ್ಲಿ ಸಣ್ಣ ಗಾಯವೂ ಹೀಗೆ ನಂಜಾಗಿ ಏರಬಹುದು. ಪೆರಿಯ ಡಾಕ್ಟರ್ ಬಂದು ನೋಡಿ, ಇದು ಮುಳ್ಳಿನಿಂದ ಬಂದ ಸೋಂಕು, ವ್ಯಾಯಾಮದಿಂದ ಬಂದದ್ದಲ್ಲ ಎಂದು ಚಿನ್ನಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳಿದರು. ಔಷಧಿಗೆ ಜ್ವರ ಇಳಿಯಿತು, ಕೆಂಪು ಹೋಯಿತು, ಊತ ಮಾತ್ರ ಪೂರ್ತಿ ಇಳಿಯಲಿಲ್ಲ. ಊದಿದ ಕೈಗೆ ಬಿಗಿಯಾಗಿ ಬಟ್ಟೆ ಸುತ್ತುವುದನ್ನು ತೋರಿಸಿಕೊಟ್ಟೆ. ಚಿನ್ನಪ್ಪ ಎಲ್ಲದಕ್ಕೂ ಸರಿ ಎಂದ. ಅವರು ಮತ್ತೆ ಬರಲಿಲ್ಲ. ಫೋನ್ ಮಾಡಿದರೆ ಅವನೇ ಎತ್ತಿ, "ಚೆನ್ನಾಗವ್ಳೆ ಡಾಕ್ಟ್ರಮ್ಮ, ಮಲ್ಗವ್ಳೆ" ಎನ್ನುತ್ತಿದ್ದ.

ಆ ದಿನಗಳಲ್ಲಿ ನಮ್ಮ ಆಸ್ಪತ್ರೆಯಿಂದ ಪೆನ್ನಾಗರಂಗೆ ಕ್ಯಾಂಪ್ ಹೋಗುತ್ತಿದ್ದೆವು. ಒಮ್ಮೆ ಕ್ಯಾಂಪ್ ಬೇಗ ಮುಗಿಯಿತು, ನಾನು ಬಸ್ಸು ಹತ್ತಿ ಅವರ ಹಳ್ಳಿಗೆ ಹೋದೆ. ಕಾವೇರಿಯಲ್ಲಿ ನೀರು ಏರಿ ತೆಪ್ಪ ಓಡಿಸಲು ತಡೆ ಹಾಕಿದ್ದರಿಂದ ಚಿನ್ನಪ್ಪ ಮನೆಯಲ್ಲೇ ಇದ್ದ. ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದ. ಮಾದಮ್ಮ ಜಗಲಿಯ ಮೇಲೆ, ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು.

"ನೀವ್ ಬಂದಿದ್ದು ಸಂತೋಸ. ಉಂಡ್ಕೊಂಡೇ ಓಗ್ಬೇಕು" ಎಂದ ಚಿನ್ನಪ್ಪ. "ಆದ್ರೆ ಅವ್ಳ ಕೈ ವಿಚಾರ ಮಾತ್ರ ಬ್ಯಾಡ ಡಾಕ್ಟ್ರಮ್ಮ. ಆ ಇಂಜೆಕ್ಸನ್ ಆಕಿಸ್ಕೊಂಡಾಗ ಮೂರ್ ದಿನ ಕಣ್ಣೇ ಬುಟ್ಟಿರ್ಲಿಲ್ಲ ಅವ್ಳು. ನಾನ್ ನೋಡಿವ್ನಿ. ಇನ್ನೊಂದ್ಕಿತ ನನ್ ಕೈಲಾಗಲ್ಲ. ಇರೋ ತಂಕ ಇಂಗೇ ಇರ್ಲಿ. ನಾನ್ ನೋಡ್ಕತೀನಿ."

ಅದು ಸಿಟ್ಟಿನ ಮಾತಲ್ಲ. ಅವನ ಕಣ್ಣು ತುಂಬಿತ್ತು. ಅವನು ಕೊಟ್ಟ ತಟ್ಟೆ ತೆಗೆದುಕೊಂಡೆ.

ಮಾತಾಡಿದವಳು ಮಾದಮ್ಮ. "ಮಾವ, ತಡೆ ತೆಗ್ದ್ರೆ ಮೊದ್ಲ್ನೇ ದಿನ ತೆಪ್ಪದಲ್ಲಿ ಎಷ್ಟ್ ಜನ ಕೂರುಸ್ತೀಯ?"

"ಮೊದ್ಲ್ನೇ ದಿನ ಯಾರ್ನ ಕೂರ್ಸದು? ತೋಳ್ ಬಿಗ್ದಿರ್ತೈತೆ. ಖಾಲಿ ತೆಪ್ಪ ಒಂದ್ ಸುತ್ ಓಯ್ತದೆ."

"ಆಮ್ಯಾಕೆ?"

"ಆಮ್ಯಾಕೆ ಇಬ್ರು. ಆಮ್ಯಾಕೆ..." ಅಲ್ಲಿಗೆ ಅವನು ನಿಲ್ಲಿಸಿದ.

"ತೋಳ್ ನೋಯ್ತೈತೆ ಅಂತ ತೆಪ್ಪಾನ ಬೋರಲಾಕ್ಬುಟ್ಟು ಮನೇಲಿ ಕೂತಿದ್ದೀಯಾ ಯಾವತ್ತಾದ್ರೂ? ನಾನ್ ಕೂತಿವ್ನಿ ನೋಡು. ಬೋರಲಾಕಿದ್ ತೆಪ್ಪದಂಗೆ. ನೀನು ದಿನಾ ಬಂದು ಎಣ್ಣೆ ಒರುಸ್ತಾ ಇದ್ದೀಯ."

ಚಿನ್ನಪ್ಪ ಒಲೆಯ ಕಡೆ ತಿರುಗಿದ. ಬೆಂಕಿಯನ್ನು ಸರಿಮಾಡುವ ಅಗತ್ಯವಿರಲಿಲ್ಲ, ಸರಿಮಾಡಿದ. ನನ್ನನ್ನು ನೋಡದೆಯೇ ಕೇಳಿದ: "ತಿರ್ಗಾ ಊದ್ಕೊಂಡ್ರೆ?"

"ಊದೋದೇ ಇಲ್ಲ ಅಂತ ನಾನು ಮಾತು ಕೊಡಲ್ಲ ಚಿನ್ನಪ್ಪ" ಎಂದೆ. "ಜ್ವರ ಬಂದ್ರೆ, ಕೆಂಪಾದ್ರೆ, ಅವತ್ತೇ ಬನ್ನಿ. ಆದರೆ ಸುಮ್ನೆ ಕೂತ್ರೂ ಈ ಕೈ ಊದತ್ತೆ. ನಿಧಾನವಾಗಿ ಆಡಿಸಿದ್ರೆ ನೀರು ಇಳಿಯತ್ತೆ. ಮುಳ್ಳಿಂದ, ಚಾಕುವಿಂದ, ಒಲೆ ಝಳದಿಂದ ಕಾಪಾಡಿ. ಕೆಲಸದಿಂದ ಕಾಪಾಡ್ಬೇಡಿ."

ಚಿನ್ನಪ್ಪ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದ. ಬೇಡವೆಂದರೂ ಕೇಳಲಿಲ್ಲ. ಮುಂದಿನ ವಾರ ಇಬ್ಬರೂ ಆಸ್ಪತ್ರೆಗೆ ಬಂದರು.

ಈ ಸಲ ಊತ ಒತ್ತಿಹಿಡಿಯುವ ಬಿಗಿ ತೋಳುಗವಸು ಹಾಕಿಸಿ, ಮೊದಲಿಂದ ಶುರು ಮಾಡಿದೆವು. ಭಾರ ಎತ್ತುವ ಮಾತು ಬಂದಾಗ ಅರ್ಧ ಚೊಂಬು ನೀರಿನಿಂದ ತೊಡಗಿದೆವು. ಅದನ್ನು ಚಿನ್ನಪ್ಪನೇ ಅಳೆದು ಕೊಡುತ್ತಿದ್ದ, ಒಂದು ತೊಟ್ಟು ಹೆಚ್ಚಾಗದ ಹಾಗೆ. ವಾರ ವಾರ ಸೇಲಂಗೆ ಬರುವುದು ಅವರಿಗೆ ಕಷ್ಟ. ಮಾದಮ್ಮನಿಗೆ ಬರೆಯಲು ಬರುವುದಿಲ್ಲ, ಫೋನಿನಲ್ಲಿ ವಾಯ್ಸ್ ಕಳಿಸುವುದು ಗೊತ್ತು. "ನಡೀತಾ ಇವ್ನಿ ಡಾಕ್ಟ್ರಮ್ಮ, ಕೇಳುಸ್ತೈತಾ?" ಎಂದು ಶುರುವಾಗುತ್ತಿತ್ತು. ಹಿಂದೆ ಮೇಕೆಯ ಸದ್ದು, ಬಸ್ಸಿನ ಹಾರ್ನು, ನಡುವೆ ಅವಳ ಉಸಿರು. ಮಾತು ತುಂಡಾಗುತ್ತಿದ್ದರೆ ನಿಧಾನ ಎಂದು ಕಳಿಸುತ್ತಿದ್ದೆ. ಸಲೀಸಾಗಿ ಊರಿನ ಸುದ್ದಿಯೆಲ್ಲ ಹೇಳತೊಡಗಿದರೆ, ಸ್ವಲ್ಪ ಬಿರುಸಾಗಿ ನಡೆಯಿರಿ ಎನ್ನುತ್ತಿದ್ದೆ. ಕೋಣೆಯಲ್ಲಿ ಕೂರಿಸಿ ಕೇಳಿದ್ದಕ್ಕಿಂತ ಹೆಚ್ಚು ಆ ಉಸಿರಿನಲ್ಲಿ ನನಗೆ ತಿಳಿಯುತ್ತಿತ್ತು. ಈಗಿನವರ ಹತ್ತಿರ ಹೆಜ್ಜೆ ಎಣಿಸುವ ಗಡಿಯಾರ ಇದೆ. ಇರಲಿ, ಉಸಿರನ್ನೂ ಕೇಳಿ.

ಒಂದು ದಿನ ಸಡಿಲವಾದ, ಒಂದು ಕಡೆಗೆ ವಾಲಿದ ಜಡೆಯಲ್ಲಿ ಬಂದಳು. ತಾನೇ ಹಾಕಿಕೊಂಡದ್ದು. ನನ್ನ ಮುಂದೆ ಬಿಚ್ಚಿ, ಎರಡೂ ಕೈ ತಲೆಯ ಹಿಂದಕ್ಕೆ ಒಯ್ದು, ಮತ್ತೆ ಹೆಣೆದು ತೋರಿಸಿದಳು. ಚಿನ್ನಪ್ಪ ಬಾಗಿಲಿಗೆ ಒರಗಿ ನೋಡುತ್ತಿದ್ದ. "ನನ್ ಕೆಲ್ಸ ಓಯ್ತು" ಎಂದ. ನಗುತ್ತಲೇ ಹೇಳಿದ, ಆದರೂ ಅವನಿಗೆ ಸ್ವಲ್ಪ ಬೇಜಾರಾಗಿತ್ತು ಎಂದೇ ನನಗೆ ಅನ್ನಿಸಿತು.

ಎಲ್ಲರ ಕಥೆಯೂ ಹೀಗೆ ಆಯಿತು ಎಂದು ಬರೆದರೆ ನಿಮಗೆ ಸುಳ್ಳು ಹೇಳಿದ ಹಾಗೆ. ಸರಸ್ವತಿ ಟೀಚರಿಗೆ ಕಾಯಿಲೆ ಮರಳಿ ಬಂತು. ಮೂಳೆಗೆ ಇಳಿಯಿತು. ಬಿಡದೆ ನಡೆದವರು ಅವರು, ಆದರೂ ಬಂತು. ನೋಡಲು ಹೋದಾಗ, ನಡೆದದ್ದೆಲ್ಲ ದಂಡವಾಯಿತಲ್ಲ ಎನ್ನುತ್ತಾರೇನೋ ಎಂದು ಅಳುಕಿದ್ದೆ. ಅವರು ನನ್ನ ತೋಳು ಹಿಡಿದುಕೊಂಡು ಗೇಟಿನ ತನಕ ಬಂದರು. ತರಕಾರಿ ಗಾಡಿಯವಳ ಹತ್ತಿರ ಬೆಂಡೆಕಾಯಿಯನ್ನು ತುದಿ ಮುರಿದು ನೋಡಿ ಆರಿಸಿದರು. "ಇಷ್ಟು ವರ್ಷ ನಾನೇ ಆರಿಸ್ಕೊಂಡೆ ಪದ್ಮಾ" ಎಂದರು. ಕೆಲವು ವಾರದ ನಂತರ ತೀರಿಹೋದರು. ನಡೆಸಿದರೆ ಸಾವು ದೂರವಾಗುತ್ತದೆ ಎಂದು ಯಾರಿಗೂ ಭರವಸೆ ಕೊಡಬೇಡಿ. ನಾವು ಕೊಡಬಲ್ಲದ್ದು ಇರುವ ದಿನಗಳ ವಿಷಯ.

ನಿವೃತ್ತಿಯಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಚೆನ್ನಾಗಿ ಕೂತದ್ದು. ಟಿವಿ, ಓದು, ಮಧ್ಯಾಹ್ನದ ನಿದ್ದೆ. ಮಂಡಿ ಹಿಡಿಯತೊಡಗಿತು. ಯಾರಿಗೂ ಹೇಳಲಿಲ್ಲ. ಕಳೆದ ಚಳಿಗಾಲದಲ್ಲಿ ತಂಗಿ ಹೊಗೆನಕಲ್ ನೋಡಬೇಕೆಂದಳು, ಹೋದೆವು. ಬಸ್ಸಿಳಿದು ಅಂಗಡಿಗಳ ಸಾಲಿಗೆ ಬರುವಷ್ಟರಲ್ಲೇ ದೂರದಿಂದ ಕೇಳಿತು: "ವಾಂಗಕ್ಕಾ, ವಾಂಗಣ್ಣಾ, ಸೂಡಾನ ಮೀನು!" ಬನ್ನಿ ಅಕ್ಕ, ಬನ್ನಿ ಅಣ್ಣ, ಬಿಸಿ ಬಿಸಿ ಮೀನು ಎಂದು. ತಂಗಿ ಕಿವಿ ಮುಚ್ಚಿಕೊಂಡಳು. ನಾನು ಅಲ್ಲೇ ನಿಂತುಬಿಟ್ಟೆ.

ಓರಗಿತ್ತಿ ರಬ್ಬರ್ ಕೈಗವಸು ಹಾಕಿಕೊಂಡು ಮೀನು ಉಜ್ಜುತ್ತಿದ್ದಳು. ಮಾದಮ್ಮ ಒಲೆಯಿಂದ ದೂರ, ಮುಂದೆ ನಿಂತು ಮೀನಿಗೆ ಮಸಾಲೆ ಹಚ್ಚುತ್ತ ಗಿರಾಕಿಗಳನ್ನು ಕೂಗುತ್ತಿದ್ದಳು. ನನ್ನನ್ನು ಕಂಡವಳು ಕೂಗು ಮರೆತು ಓಡಿಬಂದಳು. ತಿನ್ನಿಸಿದಳು, ಬೈದಳು, ಫೋನ್ ಮಾಡಲಿಲ್ಲ ಎಂದು ಮತ್ತೆ ಬೈದಳು. ಆಮೇಲೆ ಚಿನ್ನಪ್ಪನ ತೆಪ್ಪದಲ್ಲಿ ಕೂರಲೇಬೇಕೆಂದು ನದಿಯ ಕಡೆಗೆ ಹೊರಡಿಸಿದಳು.

ಇಳಿಯುವ ದಾರಿ ಕಲ್ಲುಬಂಡೆ, ಒದ್ದೆ. ತಂಗಿ ಸರಸರನೆ ಇಳಿದುಹೋದಳು. ನಾನು ಒಂದೊಂದೇ ಹೆಜ್ಜೆಗೆ ನಿಂತು ಹಿಡಿಯಲು ಏನಾದರೂ ಹುಡುಕುತ್ತಿದ್ದೆ. ಮಾದಮ್ಮ ಎರಡು ಬಂಡೆ ಕೆಳಗಿಂದ ತಿರುಗಿ ನೋಡಿದಳು.

"ಏನ್ ಡಾಕ್ಟ್ರಮ್ಮ, ಮನೇಲಿ ಕೂತುಬುಟ್ರಾ?"

ಅವಳು ಮತ್ತೆ ಮೇಲೆ ಹತ್ತಿ ಬಂದು ಕೈ ಚಾಚಿದಳು. ಬಲಗೈಯಲ್ಲಿ ಮೀನಿನ ಪೊಟ್ಟಣ ಇತ್ತು. ಚಾಚಿದ್ದು ಎಡಗೈ. ಇಷ್ಟು ವರ್ಷ ಎಷ್ಟು ಜನಕ್ಕೆ ಹೆದರಬೇಡಿ ಎಂದು ಹೇಳಿದವಳು ನಾನು, ಆ ಕೈಯ ಮೇಲೆ ಭಾರ ಹಾಕಲು ಹಿಂಜರಿದೆ.

"ಇಡ್ಕೊಳ್ಳಿ, ಏನೂ ಆಗಲ್ಲ" ಎಂದಳು.

ಹಿಡಿದುಕೊಂಡೆ. ನನ್ನ ಭಾರವೆಲ್ಲ ಹಾಕಿ ಒಂದು ಬಂಡೆ ಇಳಿದೆ, ಆಮೇಲೆ ಇನ್ನೊಂದು. ಅವಳ ಕೈ ಅಲುಗಲಿಲ್ಲ.